ಮನೆಯ ಇಂಧನ ಲೆಕ್ಕ: ಅಳೆದು ನೋಡಿ, ಉಳಿತಾಯ ಮಾಡಿ

ಹೊಲಕ್ಕೆ ಹಾಕುವ ಗೊಬ್ಬರವನ್ನು ರೈತರು ಚೀಲದ ಲೆಕ್ಕದಲ್ಲಿ ಇಡುತ್ತಾರೆ. ಬೀಜವನ್ನು ಸೇರಿನಲ್ಲಿ ಅಳೆಯುತ್ತಾರೆ. ಡೇರಿಗೆ ಹಾಲು ಹಾಕುವಾಗ ನೂರು ಮಿಲಿಲೀಟರು ಹೆಚ್ಚು ಕಡಿಮೆಯಾದರೂ ಬಿಡುವುದಿಲ್ಲ. ಆದರೆ ಮನೆಯ ಒಲೆಗೆ ದಿನಕ್ಕೆ ಎಷ್ಟು ಸೌದೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ಹೇಳುವವರು ಅಪರೂಪ. ಸೌದೆಗೆ ದುಡ್ಡು ಕೊಟ್ಟಿಲ್ಲ, ಆದುದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಆರಿಸಿ, ಹೊತ್ತು ತಂದು, ಒಣಗಿಸಿ, ಊದಿ ಉರಿಸುವ ಗೃಹಿಣಿಯ ದುಡಿಮೆಯೂ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರದ ಖರ್ಚು ಎಂದಿಗೂ ಕಡಿಮೆಯಾಗುವುದಿಲ್ಲ.

ಈಗ ನಮ್ಮ ಹಳ್ಳಿಗಳ ಬಹುಪಾಲು ಅಡಿಗೆ ಮನೆಗಳಿಗೆ ಗ್ಯಾಸ್ ಬಂದಿದೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡ ಕುಟುಂಬಗಳಿಗೂ ಸಿಲಿಂಡರ್ ದೊರೆಯಿತು. ಎಲ್.ಇ.ಡಿ. ದೀಪಗಳು ಮನೆಮನೆಯಲ್ಲಿವೆ. ಹೀಗಿದ್ದರೂ ಬೆಳಗಿನ ಜಾವ ಊರೊಳಗೆ ನಡೆದು ಹೋದರೆ ಬಚ್ಚಲು ಮನೆಗಳಿಂದ ಹೊಗೆ ಏಳುವುದು ಕಾಣುತ್ತದೆ. ಸಿಲಿಂಡರಿನ ದರ ಏರಿದಾಗ ಅಡಿಗೆಯೂ ಮತ್ತೆ ಸೌದೆ ಒಲೆಗೆ ಮರಳುತ್ತದೆ. ಆದುದರಿಂದ ಮನೆಯಲ್ಲಿ ಇಂಧನ ಎಲ್ಲಿ, ಎಷ್ಟು ಖರ್ಚಾಗುತ್ತಿದೆ, ಎಲ್ಲಿ ಪೋಲಾಗುತ್ತಿದೆ ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ. ಇದಕ್ಕೆ ದೊಡ್ಡ ಉಪಕರಣಗಳೇನೂ ಬೇಡ. ಒಂದು ತಕ್ಕಡಿ, ಒಂದು ಗಡಿಯಾರ ಮತ್ತು ಒಂದು ನೋಟ್ ಪುಸ್ತಕ ಇದ್ದರೆ ಸಾಕು.

ಒಂದು ವಾರದ ಲೆಕ್ಕ

ಮೊದಲು ಏಳು ದಿನಗಳ ಲೆಕ್ಕ ಬರೆದಿಡಬೇಕು. ಕ್ರಮ ಹೀಗಿದೆ:

1. ಬೆಳಿಗ್ಗೆ ಒಣ ಸೌದೆಯನ್ನು ತೂಕ ಮಾಡಿ ಎರಡು ರಾಶಿ ಹಾಕಿ. ಒಂದು ಅಡಿಗೆ ಒಲೆಗೆ, ಇನ್ನೊಂದು ಬಚ್ಚಲ ಒಲೆಗೆ. ಆಯಾ ಒಲೆಗೆ ಆಯಾ ರಾಶಿಯಿಂದಲೇ ತೆಗೆಯಬೇಕು. ರಾತ್ರಿ ಉಳಿದುದನ್ನು ತೂಗಿ ಕಳೆದರೆ ಆ ದಿನದ ಖರ್ಚು ಸಿಗುತ್ತದೆ.

2. ದನಗಳಿಗೆ ಹುರುಳಿ ಬೇಯಿಸುವ ಒಲೆ ಬೇರೆಯಿದ್ದರೆ ಅದನ್ನೂ ಬೇರೆಯಾಗಿ ಬರೆಯಿರಿ.

3. ಗ್ಯಾಸ್ ಸಿಲಿಂಡರನ್ನು ಜೋಡಿಸಿದ ತಾರೀಖನ್ನು ಗೋಡೆಯ ಪಂಚಾಂಗದ ಮೇಲೆ ಗುರುತು ಮಾಡಿ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿ.ಗ್ರಾಂ. ಅನಿಲವಿರುತ್ತದೆ. ಅದು 50 ದಿನ ಬಂದರೆ ದಿನಕ್ಕೆ ಸುಮಾರು 280 ಗ್ರಾಂ ಖರ್ಚು ಎಂದಾಯಿತು.

4. ಪ್ರತಿದಿನ ಒಂದೇ ಸಮಯಕ್ಕೆ ವಿದ್ಯುತ್ ಮೀಟರಿನ ಅಂಕಿಯನ್ನು ಬರೆದುಕೊಳ್ಳಿ.

ಈ ಬರಹದ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಬಹುದು. ಆದರೆ ಸೌದೆಯ ತೂಕವನ್ನು ಮನೆಯ ಯಜಮಾನನೇ ಮಾಡುವುದು ಒಳ್ಳೆಯದು. ದಿನಕ್ಕೆ ಎಷ್ಟು ಹೊರೆ ಎಂಬುದು ಎತ್ತಿ ನೋಡಿದವನಿಗೆ ಮಾತ್ರ ತಿಳಿಯುತ್ತದೆ.

ಒಲೆಯ ದಕ್ಷತೆಯನ್ನು ಪರೀಕ್ಷಿಸುವುದು

ಉರಿದ ಇಂಧನದ ಶಾಖದಲ್ಲಿ ಎಷ್ಟು ಭಾಗ ಪಾತ್ರೆಯೊಳಗಿನ ವಸ್ತುವಿಗೆ ಸೇರುತ್ತದೆಯೋ ಅದಕ್ಕೆ ಒಲೆಯ ದಕ್ಷತೆ ಎನ್ನುತ್ತಾರೆ. ಉಳಿದುದು ಹೊಗೆಯೊಡನೆ, ಪಾತ್ರೆಯ ಪಕ್ಕದಿಂದ, ಒಲೆಯ ಗೋಡೆಯಿಂದ ವ್ಯರ್ಥವಾಗಿ ಹೋಗುತ್ತದೆ. ಚೆನ್ನಾಗಿ ಒಣಗಿದ 1 ಕಿ.ಗ್ರಾಂ. ಸೌದೆಯಲ್ಲಿ ಸುಮಾರು 3,800 ಕಿಲೊ ಕ್ಯಾಲೊರಿ ಶಾಖವಿರುತ್ತದೆ. 1 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲು 1 ಕಿಲೊ ಕ್ಯಾಲೊರಿ ಬೇಕು. ಈ ಎರಡು ಅಂಕಿಗಳನ್ನು ತಿಳಿದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು.

ನಿತ್ಯ ಬಳಸುವ ಪಾತ್ರೆಯಲ್ಲಿ 5 ಲೀಟರ್ ತಣ್ಣೀರು ಹಾಕಿ, ಮುಚ್ಚಳ ಮುಚ್ಚಿ, ತಣ್ಣಗಿರುವ ಒಲೆಯ ಮೇಲೆ ಇಡಿ. 2 ಕಿ.ಗ್ರಾಂ. ಒಣ ಸೌದೆಯನ್ನು ತೂಗಿಟ್ಟುಕೊಂಡು ಉರಿ ಹಾಕಿ. ನೀರು ಕುದಿಯಲು ಪ್ರಾರಂಭವಾದ ಕೂಡಲೇ ಸೌದೆಯನ್ನು ಹೊರಕ್ಕೆ ಎಳೆದು ಆರಿಸಿ ಉಳಿದುದನ್ನು ತೂಗಿ. ಕೆಂಡ ಉಳಿದಿದ್ದರೆ ಅದನ್ನು ಕಬ್ಬಿಣದ ಡಬ್ಬದಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ ಆರಿಸಬೇಕು. ಈ ಇದ್ದಿಲಿನ ತೂಕವನ್ನು ಎರಡರಷ್ಟು ಸೌದೆಗೆ ಸಮ ಎಂದು ಹಿಡಿದು ಕಳೆಯಬೇಕು.

5 ಲೀಟರ್ ನೀರು 25 ಡಿಗ್ರಿಯಿಂದ ಕುದಿಯುವವರೆಗೆ ಸುಮಾರು 375 ಕಿಲೊ ಕ್ಯಾಲೊರಿ ಪಡೆಯುತ್ತದೆ. ಇದಕ್ಕೆ 1 ಕಿ.ಗ್ರಾಂ. ಸೌದೆ ತಗಲಿದರೆ ಒಲೆಯ ದಕ್ಷತೆ ಶೇಕಡ 10 ಮಾತ್ರ. ಅರ್ಧ ಕಿ.ಗ್ರಾಂ. ತಗಲಿದರೆ ಶೇಕಡ 20. ಮೂರು ಕಲ್ಲಿನ ಒಲೆ ಮತ್ತು ಸಾಮಾನ್ಯ ಮಣ್ಣಿನ ಒಲೆಗಳಲ್ಲಿ ಶೇಕಡ 10ರ ಆಸುಪಾಸಿನಲ್ಲಿ ಬರುವುದೇ ಹೆಚ್ಚು. ಅಂದರೆ ಹತ್ತು ಹೊರೆ ಸೌದೆ ತಂದರೆ ಒಂಬತ್ತು ಹೊರೆ ಆಕಾಶಕ್ಕೆ ಹೋಯಿತು. ಹೋಗುವಾಗ ದಾರಿಯಲ್ಲಿ ಅಡಿಗೆ ಮಾಡುವವರ ಕಣ್ಣು, ಎದೆಗಳನ್ನು ಹಾಳುಮಾಡಿ ಹೋಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಸ್ಥಾಪನೆಯಾದ 'ಅಸ್ತ್ರ' ಘಟಕದವರು ಕುಣಿಗಲ್ ತಾಲ್ಲೂಕಿನ ಪುರ ಮತ್ತು ಸುತ್ತಲ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆಗೆ ಹೋಗಿ ಅಳೆದಿದ್ದರು. ಹಳ್ಳಿಗಳು ಬಳಸುವ ಶಕ್ತಿಯಲ್ಲಿ ಬಹುಪಾಲು ಸೌದೆಯದು, ಆ ಸೌದೆ ಹೋಗುವುದು ಅಡಿಗೆಗೆ ಮತ್ತು ಸ್ನಾನದ ನೀರಿಗೆ ಎಂದು ಅದರಿಂದ ತಿಳಿದುಬಂತು. ಅದೇ ಘಟಕದವರು ರೂಪಿಸಿದ ಮೂರು ಪಾತ್ರೆಗಳ 'ಅಸ್ತ್ರ ಒಲೆ'ಯು ಪ್ರಯೋಗಾಲಯದಲ್ಲಿ ಶೇಕಡ 40ರಷ್ಟು ದಕ್ಷತೆಯನ್ನು ತೋರಿಸಿತು.

ಸುಧಾರಿಸಿದ ಒಲೆಯಲ್ಲಿ ಇರಬೇಕಾದುವು

(ಅ) ತೂತುಗಳುಳ್ಳ ಕಬ್ಬಿಣದ ಜಾಲರಿ: ಸೌದೆ ಇದರ ಮೇಲೆ ಉರಿಯಬೇಕು, ಬೂದಿ ಕೆಳಗೆ ಬೀಳಬೇಕು, ಗಾಳಿ ಕೆಳಗಿನಿಂದ ಬರಬೇಕು. ಬೂದಿಯ ಮೇಲೆ ಮಲಗಿದ ಸೌದೆ ಸರಿಯಾಗಿ ಉರಿಯದೆ ಹೊಗೆ ಕಾರುತ್ತದೆ.

(ಆ) ಪಾತ್ರೆಗೆ ಸರಿಹೊಂದುವ ಬಾಯಿ: ಪಾತ್ರೆಯು ಒಲೆಯ ಬಾಯಿಯಲ್ಲಿ ಸಂದಿಯಿಲ್ಲದಂತೆ ಕೂರಬೇಕು. ಉರಿಯು ಪಾತ್ರೆಯ ತಳವನ್ನಲ್ಲದೆ ಪಕ್ಕವನ್ನೂ ಸವರಿಕೊಂಡು ಹೋಗಬೇಕು.

(ಇ) ಹೊಗೆ ಕೊಳವೆ: ಇದು ಚಾವಣಿಯಿಂದ ಕನಿಷ್ಠ 2 ಅಡಿ ಮೇಲೆ ಇರಬೇಕು. ತುದಿಗೆ ಟೋಪಿ ಇರಬೇಕು. ಹುಲ್ಲು ಅಥವಾ ಗರಿ ಹೊದಿಸಿದ ಮಾಡಾದರೆ ಬೆಂಕಿಯ ಅಪಾಯವಿರುವುದರಿಂದ ಕೊಳವೆಯನ್ನು ಹೊರಗೋಡೆಯ ಮೂಲಕ ದೂರ ಒಯ್ಯಬೇಕು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. 1980ರ ದಶಕದಲ್ಲಿ ಪ್ರಾರಂಭವಾಗಿ 2002ರಲ್ಲಿ ಕೊನೆಗೊಂಡ ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮದಲ್ಲಿ ಕಟ್ಟಿದ ಒಲೆಗಳೆಷ್ಟೋ ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿದ್ದುವು. ಒಲೆಯ ತತ್ವದಲ್ಲಿ ದೋಷವಿರಲಿಲ್ಲ. ಮನೆಯ ಪಾತ್ರೆಯ ಅಳತೆ ನೋಡದೆ ಒಲೆ ಕಟ್ಟಿದ್ದು, ಕೊಳವೆಯಲ್ಲಿ ಮಸಿ ಕಟ್ಟಿಕೊಂಡಾಗ ತೆಗೆಯದಿದ್ದುದು, ದಪ್ಪ ಸೌದೆ ತುರುಕಲು ಬಾಯಿಯನ್ನು ಒಡೆದು ಹಿಗ್ಗಿಸಿದ್ದು ಇದಕ್ಕೆ ಕಾರಣಗಳು. ಆದುದರಿಂದ ಒಲೆ ಹಾಕಿಸುವಾಗ ಅಡಿಗೆ ಮಾಡುವ ಹೆಂಗಸರನ್ನು ಕೇಳಿ, ಅವರ ಮುದ್ದೆಯ ಪಾತ್ರೆಯನ್ನೇ ಇಟ್ಟು ಬಾಯಿಯ ಅಳತೆ ತೆಗೆಯಬೇಕು. ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ ತೆಗೆಯಬೇಕು.

ಬಚ್ಚಲ ಹಂಡೆಯ ಲೆಕ್ಕ

ಬಹಳ ಮನೆಗಳಲ್ಲಿ ಹೆಚ್ಚು ಸೌದೆ ಹೋಗುವುದು ಅಡಿಗೆಗೆ ಅಲ್ಲ, ಸ್ನಾನದ ನೀರಿಗೆ. ಉದಾಹರಣೆಗೆ ಐದು ಜನರಿರುವ ಒಂದು ಮನೆ ಎಂದಿಟ್ಟುಕೊಳ್ಳೋಣ. 60 ಲೀಟರ್ ಹಂಡೆಯ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿ, ತಣ್ಣೀರು ಬೆರೆಸಿ, ಎಲ್ಲರೂ ಸ್ನಾನ ಮಾಡುತ್ತಾರೆ. ಇದಕ್ಕೆ ಬೇಕಾದ ಶಾಖ 2,280 ಕಿಲೊ ಕ್ಯಾಲೊರಿ. ಶೇಕಡ 10ರ ದಕ್ಷತೆಯ ತೆರೆದ ಒಲೆಯಲ್ಲಿ ದಿನಕ್ಕೆ 6 ಕಿ.ಗ್ರಾಂ. ಸೌದೆ ಬೇಕಾಗುತ್ತದೆ. ವರ್ಷಕ್ಕೆ ಇದು 2 ಟನ್ನುಗಳನ್ನೂ ಮೀರುತ್ತದೆ. ಅದೇ ನೀರನ್ನು ವಿದ್ಯುತ್ತಿನಿಂದ ಕಾಯಿಸಿದರೆ ದಿನಕ್ಕೆ 2.65 ಯೂನಿಟ್, ತಿಂಗಳಿಗೆ ಸುಮಾರು 80 ಯೂನಿಟ್ ಆಗುತ್ತದೆ.

ಇದರ ಸುಧಾರಣೆಗೆ ಮೂರು ದಾರಿಗಳಿವೆ.

ಮೊದಲನೆಯದು ಹಂಡೆ ಒಲೆಯನ್ನು ತಿದ್ದಿ ಕಟ್ಟುವುದು. ಹಂಡೆಯ ಸುತ್ತಲೂ ಕುತ್ತಿಗೆಯವರೆಗೆ ಇಟ್ಟಿಗೆ ಮತ್ತು ಮಣ್ಣಿನ ಗೋಡೆ ಕಟ್ಟಿ, ಹಂಡೆಗೂ ಗೋಡೆಗೂ ನಡುವೆ ಸುಮಾರು 1 ಅಂಗುಲ ಜಾಗ ಬಿಡಬೇಕು. ಉರಿಯು ಈ ಜಾಗದಲ್ಲಿ ಹಂಡೆಯನ್ನು ಸುತ್ತಿ ಮೇಲೆ ಬಂದು, ಕುತ್ತಿಗೆಯ ಕೆಳಗಿರುವ ತೂತಿನಿಂದ ಹೊಗೆ ಕೊಳವೆಗೆ ಹೋಗಬೇಕು. ಜಾಲರಿ ಹಾಕಿ, ಸೌದೆ ಬಾಯಿಯನ್ನು ಚಿಕ್ಕದು ಮಾಡಿ, ಹಂಡೆಗೆ ಮುಚ್ಚಳ ಹಾಕಬೇಕು. ದಕ್ಷತೆಯು ಶೇಕಡ 25ಕ್ಕೆ ಏರಿದರೆ ದಿನದ ಖರ್ಚು 6 ಕಿ.ಗ್ರಾಂ.ನಿಂದ 2.4 ಕಿ.ಗ್ರಾಂ.ಗೆ ಇಳಿಯುತ್ತದೆ. ತೆಂಗಿನ ಮಟ್ಟೆ, ಎಡಮಟ್ಟೆ, ಅಡಿಕೆ ಸಿಪ್ಪೆ, ತೊಗರಿ ಕಡ್ಡಿ, ಹತ್ತಿ ಕಡ್ಡಿ ಮುಂತಾದ ತೋಟದ ಮತ್ತು ಹೊಲದ ಉಳಿಕೆಗಳೇ ಅಷ್ಟಕ್ಕೆ ಸಾಕಾಗಬಹುದು.

ಎರಡನೆಯದು ಸೌರ ನೀರು ಕಾಯಿಸುವ ಸಾಧನ. 100 ಲೀಟರಿನ ಸಾಧನ ಐದು ಜನರ ಮನೆಗೆ ಸಾಲುತ್ತದೆ. ಗಡಸು ನೀರಿನ ಊರುಗಳಲ್ಲಿ ತಾಮ್ರದ ಕೊಳವೆಗಳೊಳಗೆ ಸುಣ್ಣ ಕಟ್ಟಿಕೊಳ್ಳುವುದರಿಂದ ಗಾಜಿನ ಕೊಳವೆಗಳ ಮಾದರಿ ಮೇಲು. ಗಾಜಿನ ಮೇಲಿನ ಧೂಳನ್ನು ವಾರಕ್ಕೊಮ್ಮೆ ತೊಳೆಯಬೇಕು. ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳಿಗೆ ಹಂಡೆ ಒಲೆ ಹೇಗೂ ಬೇಕಾಗುತ್ತದೆ. ಆದುದರಿಂದ ಅಲ್ಲಿ ಮೊದಲು ಒಲೆಯನ್ನೇ ಸರಿಪಡಿಸುವುದು ಜಾಣತನ.

ಮೂರನೆಯದಕ್ಕೆ ಖರ್ಚೇ ಇಲ್ಲ. ಬೇಸಿಗೆಯಲ್ಲಿ ಕಪ್ಪು ಬಣ್ಣ ಬಳಿದ ಕೊಡಗಳಲ್ಲಿ ನೀರು ತುಂಬಿ, ಮುಚ್ಚಿ, ಬಿಸಿಲಿಗೆ ಇಟ್ಟರೆ ಸಂಜೆಯ ಸ್ನಾನಕ್ಕೆ ಒಲೆ ಹಚ್ಚುವ ಅವಶ್ಯಕತೆ ಇರುವುದಿಲ್ಲ.

ಅಡಿಗೆಯ ಕ್ರಮದಲ್ಲಿ ಉಳಿತಾಯ

* ಹಸಿ ಸೌದೆಯಲ್ಲಿ ಅರ್ಧದಷ್ಟು ತೂಕ ನೀರೇ ಇರಬಹುದು. ಆ ನೀರನ್ನು ಆವಿ ಮಾಡಲು ಪ್ರತಿ ಕಿ.ಗ್ರಾಂ.ಗೆ ಸುಮಾರು 600 ಕಿಲೊ ಕ್ಯಾಲೊರಿ ವ್ಯರ್ಥವಾಗುತ್ತದೆ. ಸೌದೆಯನ್ನು ಬೇಸಿಗೆಯಲ್ಲೇ ಸೀಳಿ, ಮಳೆ ತಾಗದಂತೆ, ನೆಲದಿಂದ ಎತ್ತರಿಸಿ ಒಟ್ಟಬೇಕು.

* ಬೇಳೆ, ಕಾಳುಗಳನ್ನು ನೆನೆಹಾಕಿ ಬೇಯಿಸಿ. ಪ್ರೆಷರ್ ಕುಕ್ಕರಿನಲ್ಲಿ ಅನ್ನ, ಬೇಳೆ, ತರಕಾರಿಗಳನ್ನು ಒಟ್ಟಿಗೆ ಇಡಿ.

* ಎಸರು ಕುದಿ ಬಂದ ಮೇಲೆ ಉರಿಯನ್ನು ತಗ್ಗಿಸಿ. ನೀರು ಎಷ್ಟೇ ಜೋರಾಗಿ ಕುದಿದರೂ ಅದರ ಉಷ್ಣತೆ ಹೆಚ್ಚುವುದಿಲ್ಲ, ಹೆಚ್ಚುವುದು ಆವಿ ಮಾತ್ರ.

* ಒಣ ಹುಲ್ಲು ತುಂಬಿದ ಪೆಟ್ಟಿಗೆ ಅಥವಾ ಬುಟ್ಟಿಯಲ್ಲಿ, ಕುದಿ ಬಂದ ಅನ್ನದ ಪಾತ್ರೆಯನ್ನು ಇಟ್ಟು ಮೇಲೆ ಹುಲ್ಲಿನ ದಿಂಬು ಮುಚ್ಚಿದರೆ ಅನ್ನವು ಒಳಗಿನ ಶಾಖದಿಂದಲೇ ಬೇಯುತ್ತದೆ. ಕೆಲಸಕ್ಕೆ ಹೊರಡುವವರಿಗೆ ಇದು ಅನುಕೂಲ.

* ಗ್ಯಾಸಿನ ಉರಿ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ತೂತುಗಳನ್ನು ಶುಚಿ ಮಾಡಬೇಕು.

ಗೋಬರ್ ಅನಿಲ

ನಾಲ್ಕೈದು ದನಗಳಿರುವ ಮನೆಯಲ್ಲಿ ಇಂಧನವನ್ನು ಕೊಳ್ಳುವ ಅವಶ್ಯಕತೆಯೇ ಕಡಿಮೆ. 1 ಕಿ.ಗ್ರಾಂ. ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ದಿನಕ್ಕೆ 50 ಕಿ.ಗ್ರಾಂ. ಸಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಹಾಕಿದರೆ 2 ಘನ ಮೀಟರಿನ ಸ್ಥಾವರ ನಡೆಯುತ್ತದೆ. ಐದಾರು ಜನರ ಅಡಿಗೆಗೆ ಇದು ಸಾಕು. 1 ಘನ ಮೀಟರ್ ಅನಿಲವು ಸುಮಾರು 0.43 ಕಿ.ಗ್ರಾಂ. ಸಿಲಿಂಡರ್ ಗ್ಯಾಸಿಗೆ ಸಮ. 1984ರಲ್ಲಿ ಬಳಕೆಗೆ ಬಂದ ದೀನಬಂಧು ಮಾದರಿಯನ್ನು ಇಟ್ಟಿಗೆಯಿಂದ ನೆಲದೊಳಗೆ ಕಟ್ಟುವುದರಿಂದ ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ಮು ಇದಕ್ಕೆ ಬೇಡ. ಹೊರಬರುವ ಬಗ್ಗಡವು ಉತ್ತಮ ಗೊಬ್ಬರ. ಬೆರಣಿ ತಟ್ಟಿ ಸುಟ್ಟರೆ ಗೊಬ್ಬರವೂ ಹೋಯಿತು, ಶಾಖವೂ ಹೋಯಿತು. ಚಳಿಗಾಲದಲ್ಲಿ ಅನಿಲ ಕಡಿಮೆಯಾಗುವುದು ಸಹಜ. ಸ್ಥಾವರವನ್ನು ಬಿಸಿಲು ಬೀಳುವ ಜಾಗದಲ್ಲಿ, ಕೊಟ್ಟಿಗೆಗೆ ಹತ್ತಿರ ಮತ್ತು ಕುಡಿಯುವ ನೀರಿನ ಬಾವಿಗೆ ದೂರವಾಗಿ ಕಟ್ಟಿಸಬೇಕು.

ವಿದ್ಯುತ್ ಮೀಟರನ್ನು ಓದುವುದು

1,000 ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಗುತ್ತದೆ. ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬ ಅಂಕಿ ಮೀಟರಿನ ಮೇಲೆಯೇ ಇರುತ್ತದೆ. ಅನೇಕ ಮೀಟರುಗಳಲ್ಲಿ ಇದು 3,200. ಅಂತಹ ಮೀಟರಿನಲ್ಲಿ ಒಂದು ನಿಮಿಷಕ್ಕೆ 16 ಸಲ ಮಿನುಗಿದರೆ ಆಗ ಮನೆಯಲ್ಲಿ 300 ವ್ಯಾಟ್ ಖರ್ಚಾಗುತ್ತಿದೆ ಎಂದು ತಿಳಿಯಬೇಕು. ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಪ್ಲಗ್ಗುಗಳನ್ನು ಕಿತ್ತಿಟ್ಟು ಹತ್ತು ನಿಮಿಷ ಗಮನಿಸಿ. ಆಗಲೂ ದೀಪ ಮಿನುಗುತ್ತಿದ್ದರೆ ವೈರಿಂಗಿನಲ್ಲಿ ಸೋರಿಕೆ ಇರಬಹುದು. ಇದು ಬಿಲ್ಲಿನ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ. ಅನುಮತಿ ಪಡೆದ ಕೆಲಸಗಾರರಿಂದ ಕೂಡಲೇ ಪರೀಕ್ಷೆ ಮಾಡಿಸಬೇಕು.

ತಿಂಗಳಿಗೆ 30 ದಿನದಂತೆ ಕೆಲವು ಉಪಕರಣಗಳ ಖರ್ಚು:

60 ವ್ಯಾಟ್ ಹಳೆಯ ಬಲ್ಬು, ದಿನಕ್ಕೆ 5 ಗಂಟೆ: 9 ಯೂನಿಟ್
9 ವ್ಯಾಟ್ ಎಲ್.ಇ.ಡಿ. ಬಲ್ಬು, 5 ಗಂಟೆ: 1.35 ಯೂನಿಟ್
75 ವ್ಯಾಟ್ ಹಳೆಯ ಫ್ಯಾನು, 12 ಗಂಟೆ: 27 ಯೂನಿಟ್
30 ವ್ಯಾಟ್ ಬಿ.ಎಲ್.ಡಿ.ಸಿ. ಫ್ಯಾನು, 12 ಗಂಟೆ: 10.8 ಯೂನಿಟ್
500 ವ್ಯಾಟ್ ಮಿಕ್ಸಿ, 20 ನಿಮಿಷ: 5 ಯೂನಿಟ್
1,500 ವ್ಯಾಟ್ ನೀರು ಕಾಯಿಸುವ ಸರಳು, 1 ಗಂಟೆ: 45 ಯೂನಿಟ್

ಜೋರಾಗಿ ಸದ್ದು ಮಾಡುವ ಮಿಕ್ಸಿಯನ್ನು ಕಂಡು ಹೆದರುವವರು ದಿನವೆಲ್ಲಾ ಸದ್ದಿಲ್ಲದೆ ತಿರುಗುವ ಫ್ಯಾನನ್ನು ಗಮನಿಸುವುದಿಲ್ಲ. ಖರ್ಚನ್ನು ನಿರ್ಧರಿಸುವುದು ವ್ಯಾಟ್ ಒಂದೇ ಅಲ್ಲ, ಗಂಟೆಯೂ ಹೌದು. ಹೊಸ ಫ್ಯಾನು, ಫ್ರಿಜ್ಜುಗಳನ್ನು ಕೊಳ್ಳುವಾಗ ನಕ್ಷತ್ರಗಳ ಚೀಟಿಯನ್ನು ಓದಬೇಕು. ಫ್ರಿಜ್ಜಿನ ಚೀಟಿಯಲ್ಲಿ ವರ್ಷದ ಯೂನಿಟ್ಟುಗಳನ್ನು ಬರೆದಿರುತ್ತಾರೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆಯನ್ನು ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದರೆ ರಬ್ಬರ್ ಪಟ್ಟಿ ಸವೆದಿದೆ ಎಂದರ್ಥ.

ಬಿಲ್ಲು ಸೊನ್ನೆ ಬರುತ್ತಿರುವಾಗ ಉಳಿತಾಯ ಏಕೆ ಎಂದು ಕೆಲವರು ಕೇಳಬಹುದು. 2023ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಯ ಉಚಿತ ಪ್ರಮಾಣವನ್ನು ಆ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಗೊತ್ತುಮಾಡಲಾಗಿದೆ. ಅದನ್ನು ಮೀರಿದ ಯೂನಿಟ್ಟುಗಳಿಗೆ ಹಣ ಕೊಡಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಒಂದು ನೀರು ಕಾಯಿಸುವ ಸರಳು ಎಷ್ಟು ಯೂನಿಟ್ ತಿನ್ನುತ್ತದೆ ಎಂಬುದನ್ನು ಮೇಲೆ ನೋಡಿದ್ದೇವೆ. ಅಲ್ಲದೆ ಬೆಳಿಗ್ಗೆ ಇಡೀ ಊರು ಒಮ್ಮೆಲೇ ಸರಳು ಹಾಕಿದರೆ ಟ್ರಾನ್ಸ್‌ಫಾರ್ಮರಿನ ಮೇಲೆ ಭಾರ ಬಿದ್ದು ಎಲ್ಲರ ಮನೆಯಲ್ಲೂ ವೋಲ್ಟೇಜು ಕುಸಿಯುತ್ತದೆ.

ಮನೆಯೊಳಗಿನ ಸೆಕೆ

ಫ್ಯಾನು ಗಾಳಿಯನ್ನು ಬೀಸುತ್ತದೆಯೇ ಹೊರತು ಮನೆಯನ್ನು ತಂಪು ಮಾಡುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ 3 ಗಂಟೆಗೆ ಮನೆಯೊಳಗೆ ಒಂದು ಉಷ್ಣಮಾಪಕವನ್ನು, ಹೊರಗೆ ಮರದ ನೆರಳಿನಲ್ಲಿ ಇನ್ನೊಂದನ್ನು ತೂಗುಹಾಕಿ. ಒಳಗೇ ಹೆಚ್ಚು ಬಿಸಿ ಇದ್ದರೆ ಚಾವಣಿಯು ಶಾಖವನ್ನು ಇಳಿಸುತ್ತಿದೆ ಎಂದು ತಿಳಿಯಬೇಕು. ತಗಡು ಮತ್ತು ಸಿಮೆಂಟ್ ಶೀಟಿನ ಮನೆಗಳಲ್ಲಿ ಇದು ಸಾಮಾನ್ಯ. ರಾತ್ರಿ 9 ಗಂಟೆಗೂ ಒಳಗೆ ಬಿಸಿ ಇದ್ದರೆ ಕಾಂಕ್ರೀಟ್ ಚಾವಣಿ ಮತ್ತು ಪಡುವಣ ಗೋಡೆಗಳು ಹಗಲಿನ ಶಾಖವನ್ನು ಹಿಡಿದಿಟ್ಟು ಬಿಡುತ್ತಿವೆ. ಬಯಲುಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳು ದಪ್ಪ ಗೋಡೆ, ದಪ್ಪ ಚಾವಣಿಗಳಿಂದ ಹಗಲಿನಲ್ಲಿ ತಂಪಾಗಿರುತ್ತಿದ್ದುವು. ಅವುಗಳನ್ನು ಕೆಡವಿ ಶೀಟು ಹಾಕಿದವರಿಗೆ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಸುಲಭ ಉಪಾಯವೆಂದರೆ ಚಾವಣಿಗೆ ಬಿಳಿ ಸುಣ್ಣ ಬಳಿಯುವುದು. ಫೆಬ್ರವರಿಯಲ್ಲಿ ಚಾವಣಿಯನ್ನು ಗುಡಿಸಿ ತೊಳೆದು, ನೆನೆಹಾಕಿ ಸೋಸಿದ ಸುಣ್ಣಕ್ಕೆ ಅಂಟು ಬೆರೆಸಿ ಎರಡು ಸಲ ಬಳಿಯಬೇಕು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಮಳೆನೀರು ಸಂಗ್ರಹಿಸುವವರು ಮೊದಲ ಮಳೆಗಳ ನೀರನ್ನು ಹೊರಕ್ಕೆ ಬಿಡಬೇಕು. ಶೀಟಿನ ಕೆಳಗೆ ಬಿದಿರಿನ ತಟ್ಟಿಯ ಒಳಮಾಡು ಕಟ್ಟಿ, ನಡುವಿನ ಬಿಸಿ ಗಾಳಿ ಹೊರಗೆ ಹೋಗಲು ಎರಡೂ ಕಡೆ ಕಿಂಡಿ ಬಿಡಬೇಕು. ಮನೆಯ ಪಡುವಣ ದಿಕ್ಕಿಗೆ ಹೊಂಗೆ ಅಥವಾ ಬೇವಿನ ಸಸಿಗಳನ್ನು ನೆಡಬೇಕು. ಹೆಂಚಿನ ಮನೆಯಲ್ಲಿ ಅಡಿಗೆ ಮನೆಯ ಮೇಲೆ ಎರಡು ಗಾಜಿನ ಹೆಂಚುಗಳನ್ನು ಹಾಕಿದರೆ ಹಗಲು ದೀಪ ಬೇಡ.

ಯಾವುದು ಮೊದಲು?

ಒಂದು ವಾರದ ಲೆಕ್ಕ ಮುಗಿದ ಮೇಲೆ ಕೆಲಸಗಳನ್ನು ಮೂರು ಭಾಗ ಮಾಡಿಕೊಳ್ಳಿ. ಖರ್ಚಿಲ್ಲದವು: ಸೌದೆ ಒಣಗಿಸುವುದು, ಮುಚ್ಚಳ, ನೆನೆಹಾಕುವುದು, ಉರಿ ತಗ್ಗಿಸುವುದು. ಇವನ್ನು ನಾಳೆಯೇ ಪ್ರಾರಂಭಿಸಬಹುದು. ಅಲ್ಪ ಖರ್ಚಿನವು: ಹಂಡೆ ಒಲೆ, ಹೊಗೆ ಕೊಳವೆ, ಸುಣ್ಣ, ಉಳಿದ ಹಳೆಯ ಬಲ್ಬುಗಳ ಬದಲಾವಣೆ. ಇವನ್ನು ಒಂದು ವರ್ಷದೊಳಗೆ ಮಾಡಬಹುದು. ಹೆಚ್ಚು ಖರ್ಚಿನವು: ಗೋಬರ್ ಅನಿಲ ಸ್ಥಾವರ, ಸೌರ ಸಾಧನಗಳು. 2024ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಚಾವಣಿಯ ಸೌರ ವಿದ್ಯುತ್ ಫಲಕಗಳಿಗೆ ಸಹಾಯಧನವಿದೆ. ಆದರೆ ಮೊದಲು ಪೋಲನ್ನು ನಿಲ್ಲಿಸಿ, ನಂತರ ಫಲಕ ಹಾಕಿಸಿದರೆ ಚಿಕ್ಕ ಫಲಕವೇ ಸಾಲುತ್ತದೆ. ತೂತು ಬಿದ್ದ ಕಾಲುವೆಗೆ ದೊಡ್ಡ ಪಂಪು ಹಾಕಿ ಪ್ರಯೋಜನವಿಲ್ಲ ಎಂಬುದು ರೈತರಿಗೆ ಗೊತ್ತಿರುವ ವಿಷಯವೇ.

ಆರು ತಿಂಗಳ ನಂತರ ಮತ್ತೆ ಒಂದು ವಾರ ತೂಕ ಮಾಡಿ, ಹಳೆಯ ಲೆಕ್ಕದ ಪಕ್ಕದಲ್ಲಿ ಬರೆಯಿರಿ. ದಿನಕ್ಕೆ 3 ಕಿ.ಗ್ರಾಂ. ಸೌದೆ ಉಳಿದರೂ ವರ್ಷಕ್ಕೆ ಒಂದು ಟನ್ನಿಗಿಂತ ಹೆಚ್ಚಾಯಿತು. ಅಷ್ಟು ಮರ ಊರಿನ ಗೋಮಾಳದಲ್ಲಿ ಉಳಿಯಿತು. ಅಷ್ಟು ಹೊರೆ ಮನೆಯ ಹೆಂಗಸರ ತಲೆಯಿಂದ ಇಳಿಯಿತು.